ಭಾವದ ಮುಂಗಡ: ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಕುರಿತು ಒಂದು ನೈತಿಕ ಜಿಜ್ಞಾಸೆ

ಉತ್ತಮ ಸಂಗೀತವನ್ನು ಕೇಳಿ ಕಣ್ಣು ತುಂಬಿಕೊಂಡ ಮನುಷ್ಯನು ಆ ಕ್ಷಣದಲ್ಲಿ ತಾನು ಮೊದಲಿಗಿಂತ ಉತ್ತಮನಾದೆನೆಂದು ಭಾವಿಸುತ್ತಾನೆ. ಎದೆ ಹಗುರವಾಗಿರುತ್ತದೆ, ಹಳೆಯ ದ್ವೇಷದ ಗಂಟು ಸಡಿಲಗೊಂಡಿರುತ್ತದೆ, ಪಕ್ಕದಲ್ಲಿ ಕುಳಿತ ಅಪರಿಚಿತನೂ ಬಂಧುವಿನಂತೆ ಕಾಣುತ್ತಾನೆ. ಈ ಅನುಭವವು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಅದರ ಬೆಲೆ ಎಷ್ಟು? ಹೃದಯ ಕರಗುವುದೇ ಒಂದು ಸದ್ಗುಣವೋ ಅಥವಾ ಸದ್ಗುಣದ ಕಡೆಗೆ ತೆರೆದ ಬಾಗಿಲು ಮಾತ್ರವೋ? ಭಾವದ ಆರ್ದ್ರತೆಗೂ ನಡತೆಯ ಶುದ್ಧಿಗೂ ಇರುವ ಸಂಬಂಧ ಯಾವ ಬಗೆಯದು? ಈ ಪ್ರಶ್ನೆಯನ್ನು ಪರೀಕ್ಷಿಸಲು ನಮ್ಮ ಪರಂಪರೆಯಿಂದ ದೂರದ, ಆದರೆ ಲೋಕಪ್ರಸಿದ್ಧವಾದ ಒಂದು ಕೃತಿಯನ್ನು ಆರಿಸಿಕೊಂಡಿದ್ದೇನೆ. ನಮ್ಮದಲ್ಲದ ವಸ್ತುವನ್ನು ರಾಗದ್ವೇಷಗಳಿಲ್ಲದೆ ನೋಡುವುದು ತುಸು ಸುಲಭ.

ಆ ಕೃತಿಯೇ ಜರ್ಮನಿಯ ಬಾನ್ ನಗರದಲ್ಲಿ 1770ರಲ್ಲಿ ಜನಿಸಿ, 1827ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಬೀಥೋವನ್ನನ ಒಂಬತ್ತನೆಯ ಸಿಂಫನಿ. ನಾನು ವ್ಯಾಪಾರ ವೃತ್ತಿಯವನು, ಸಂಗೀತಶಾಸ್ತ್ರದಲ್ಲಿ ಪಾಂಡಿತ್ಯವುಳ್ಳವನಲ್ಲ. ಧ್ವನಿಮುದ್ರಿಕೆಗಳ ಮೂಲಕ ಈ ಕೃತಿಯನ್ನು ಹಲವು ಬಾರಿ ಕೇಳಿದ ಸಾಮಾನ್ಯ ಶ್ರೋತೃವಿನ ನೆಲೆಯಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

1824ರ ಮೇ 7ರಂದು ವಿಯೆನ್ನಾದ ಕೆರ್ಂಟ್ನರ್‌ಟೋರ್ ರಂಗಮಂದಿರದಲ್ಲಿ ಈ ಸಿಂಫನಿಯು ಪ್ರಥಮ ಬಾರಿಗೆ ಕೇಳಿಬಂದಿತು. ಆ ವೇಳೆಗೆ ಬೀಥೋವನ್ನನ ಕಿವಿ ಬಹುತೇಕ ಪೂರ್ಣವಾಗಿ ಕೇಳಿಸದಂತಾಗಿತ್ತು. ಆತನು ವೇದಿಕೆಯ ಮೇಲೆ ನಿಂತು ತಾಳ ಸೂಚಿಸುತ್ತಿದ್ದನಾದರೂ ವಾದಕರು ಅನುಸರಿಸುತ್ತಿದ್ದುದು ಉಮ್ಲಾಫ್ ಎಂಬ ನಿರ್ದೇಶಕನನ್ನು. ಜನರು ಹರ್ಷೋದ್ಗಾರ ಮಾಡುತ್ತಿದ್ದುದು ಬೀಥೋವನ್ನನಿಗೆ ತಿಳಿಯಲಿಲ್ಲವೆಂದೂ, ಗಾಯಕಿ ಕ್ಯಾರೊಲೀನ್ ಉಂಗರ್ ಆತನನ್ನು ಸಭೆಯತ್ತ ತಿರುಗಿಸಿ ನಿಲ್ಲಿಸಿದಳೆಂದೂ ಹೇಳುತ್ತಾರೆ. ತನ್ನ ಸಂಗೀತವನ್ನು ತಾನೇ ಕೇಳಲಾರದವನು ಲೋಕಕ್ಕೆಲ್ಲ ಕೇಳುವಂತಹ ಆನಂದವನ್ನು ಕೊಟ್ಟನೆಂಬ ಈ ಸಂಗತಿಯೇ ಕೃತಿಯ ಮೇಲಣ ಪ್ರೀತಿಯನ್ನು ಇಮ್ಮಡಿಗೊಳಿಸಿದೆ.

ಸುಮಾರು ಎಪ್ಪತ್ತು ನಿಮಿಷಗಳ ಈ ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಮೊದಲ ಮೂರು ಭಾಗಗಳಲ್ಲಿ ಕೇವಲ ವಾದ್ಯಗಳಿವೆ. ನಾಲ್ಕನೆಯ ಭಾಗವು ಕರ್ಕಶವಾದ ಒಂದು ಗರ್ಜನೆಯಿಂದ ಆರಂಭವಾಗುತ್ತದೆ. ಹಿಂದಿನ ಮೂರು ಭಾಗಗಳ ತುಣುಕುಗಳು ಒಂದೊಂದಾಗಿ ನೆನಪಿನಂತೆ ಬಂದು ಹೋಗುತ್ತವೆ. ಚೆಲೋಗಳೂ ಡಬಲ್ ಬಾಸ್‌ಗಳೂ ಮಾತನಾಡುವವರಂತೆ ಅವುಗಳನ್ನು ತಡೆದು ಬದಿಗೆ ಸರಿಸುತ್ತವೆ. ಅನಂತರ ಅವೇ ವಾದ್ಯಗಳು ಯಾವ ಪಕ್ಕವಾದ್ಯವೂ ಇಲ್ಲದೆ, ಅತಿ ಮೆಲುದನಿಯಲ್ಲಿ, ಒಂದು ಸರಳವಾದ ರಾಗಮಾಲಿಕೆಯನ್ನು ಎತ್ತಿಕೊಳ್ಳುತ್ತವೆ. ಅದರ ಸ್ವರಗಳು ನಮ್ಮ ಶಂಕರಾಭರಣದ ಸ್ವರಗಳೇ. ಗಾಂಧಾರದಿಂದ ಹೊರಟು, ಬಹುಪಾಲು ಷಡ್ಜ ಪಂಚಮಗಳ ನಡುವೆಯೇ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಹೆಜ್ಜೆಯಿಡುತ್ತಾ ಅದು ಸಾಗುತ್ತದೆ. ಪಾಠವಿಲ್ಲದ ಮಗುವೂ ಹಾಡಬಲ್ಲ ಧಾಟಿ ಅದು. ಎರಡನೆಯ ಸುತ್ತಿನಲ್ಲಿ ಚೆಲೋಗಳೊಡನೆ ವಯೋಲಾಗಳು ಸೇರುತ್ತವೆ, ಬಸೂನ್ ಬೇರೊಂದು ಎಳೆಯನ್ನು ಹೆಣೆಯುತ್ತದೆ. ಮೂರನೆಯ ಸುತ್ತಿನಲ್ಲಿ ಪಿಟೀಲುಗಳು. ನಾಲ್ಕನೆಯದರಲ್ಲಿ ತುತ್ತೂರಿಗಳೊಡನೆ ಇಡೀ ವಾದ್ಯವೃಂದ. ಕೊನೆಗೆ ಮನುಷ್ಯನ ಕಂಠವೇ ಏಳುತ್ತದೆ. ಆನಂದವು ಮಾನವರನ್ನೆಲ್ಲ ಸೋದರರನ್ನಾಗಿ ಮಾಡುತ್ತದೆಂಬ ಆಶಯವುಳ್ಳ, ಶಿಲ್ಲರ್ ಕವಿಯು 1785ರಲ್ಲಿ ರಚಿಸಿದ ಕವಿತೆಯ ಭಾಗಗಳನ್ನು ನಾಲ್ವರು ಗಾಯಕರೂ ದೊಡ್ಡ ಮೇಳವೊಂದೂ ಹಾಡುತ್ತವೆ.

ಕೃತಿಯ ಶಕ್ತಿಯ ಮರ್ಮವು ಈ ರಚನಾಕ್ರಮದಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. ಅದು ಶ್ರೋತೃವಿಗೆ ಸೋದರತ್ವವನ್ನು ಬೋಧಿಸುವುದಿಲ್ಲ, ಅನುಭವಕ್ಕೆ ತಂದುಕೊಡುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದು ಸೇರುವ ಮೆರವಣಿಗೆಯಲ್ಲಿ ಕೇಳುವವನೂ ತಿಳಿಯದೆಯೇ ಸೇರಿಕೊಳ್ಳುತ್ತಾನೆ. ಸೇರಿಕೊಂಡವನಿಗೆ ಎಲ್ಲರೂ ನಮ್ಮವರೆಂಬ ಭಾವ ಉಕ್ಕುತ್ತದೆ. ಎಲ್ಲರೂ ಎಂಬ ಈ ಮಾತಿನಲ್ಲಿಯೇ ನಮ್ಮ ಸಮಸ್ಯೆಯೂ ಇದೆ.

1942ರ ಏಪ್ರಿಲ್ 19ರಂದು, ಹಿಟ್ಲರನ ಜನ್ಮದಿನದ ಹಿಂದಿನ ದಿನ, ಬರ್ಲಿನಿನಲ್ಲಿ ಇದೇ ಸಿಂಫನಿಯನ್ನು ನುಡಿಸಲಾಯಿತು. ನುಡಿಸಿದವರು ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದದವರು. ನಿರ್ದೇಶಕರು ಅಂದಿನ ಜರ್ಮನಿಯ ಅಗ್ರಗಣ್ಯರಾದ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಮುಗಿದ ಮೇಲೆ ಪ್ರಚಾರ ಮಂತ್ರಿ ಗೋಬೆಲ್ಸ್ ವೇದಿಕೆಯ ಬಳಿಗೆ ಬಂದು ನಿರ್ದೇಶಕರ ಕೈ ಕುಲುಕಿದ ದೃಶ್ಯವು ಚಲನಚಿತ್ರದಲ್ಲಿ ಉಳಿದಿದೆ. ಇದಕ್ಕೆ ಮೂರು ತಿಂಗಳ ಹಿಂದೆ, ಜನವರಿ 20ರಂದು, ಅದೇ ನಗರದ ಅಂಚಿನ ವಾನ್‌ಸೇ ಎಂಬಲ್ಲಿ ಅಧಿಕಾರಿಗಳು ಸಭೆ ಸೇರಿ ಯೂರೋಪಿನ ಯಹೂದ್ಯರ ಸಂಹಾರವನ್ನು ಹೇಗೆ ವ್ಯವಸ್ಥೆಗೊಳಿಸಬೇಕೆಂದು ಚರ್ಚಿಸಿದ್ದರು. ಅಂದು ಸಭಾಂಗಣದಲ್ಲಿ ಕುಳಿತವರ ಹೃದಯ ಮಿಡಿಯಲಿಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ. ಅವರ ಭಾವವೂ ನಿಜವಾದದ್ದೇ ಆಗಿರಬಹುದು. ಮಾನವರೆಲ್ಲ ಸೋದರರೆಂಬ ಗಾನವನ್ನು ಕೇಳಿ ಕರಗಿದ ಹೃದಯಕ್ಕೂ, ಅದೇ ನಗರದಿಂದ ರೈಲುಗಳಲ್ಲಿ ತುಂಬಿ ಕಳುಹಿಸಲಾಗುತ್ತಿದ್ದ ನೆರೆಹೊರೆಯವರಿಗೂ ನಡುವೆ ಸಂಬಂಧವೇ ಏರ್ಪಡಲಿಲ್ಲ.

ಅದೇ ಧಾಟಿಯು ಇನ್ನೊಂದು ಸ್ಥಳದಲ್ಲಿಯೂ ಕೇಳಿಬಂದಿತು. ಬಿರ್ಕೆನಾವಿನ ಮರಣಶಿಬಿರದಲ್ಲಿ, ಶವಗಳನ್ನು ಸುಡುವ ಒಲೆಗಳಿಗೆ ಕೆಲವು ನೂರು ಮೀಟರುಗಳ ದೂರದಲ್ಲಿ, ಯಹೂದ್ಯ ಮಕ್ಕಳ ಒಂದು ಗಾಯನಮೇಳವಿತ್ತು. ಅವರಿಗೆ ಸಂಗೀತ ಕಲಿಸಿದವರೂ ಬಂದಿಯೇ. ಆತ ಮಕ್ಕಳಿಗೆ ಹೇಳಿಕೊಟ್ಟದ್ದು ಬೀಥೋವನ್ನನ ಈ ಆನಂದಗಾನವನ್ನು. ಆ ಮಕ್ಕಳಲ್ಲಿ ಬದುಕುಳಿದ ಒಬ್ಬರು ಓಟೊ ಡೋವ್ ಕುಲ್ಕಾ. ಮುಂದೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿ 2021ರಲ್ಲಿ ತೀರಿಕೊಂಡ ಅವರು, 2013ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತಮ್ಮ ಸ್ಮೃತಿಗ್ರಂಥದಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ಆ ಶಿಕ್ಷಕನು ಅಂತಹ ಸ್ಥಳದಲ್ಲಿ ಈ ಹಾಡನ್ನೇ ಏಕೆ ಆರಿಸಿದನು? ಸಾವಿನ ಎದುರಿನಲ್ಲಿಯೂ ಮಾನವೀಯ ಮೌಲ್ಯಗಳು ಅಳಿಯವೆಂದು ಸಾರಲೆಂದೋ? ಅಥವಾ ಆ ಮೌಲ್ಯಗಳನ್ನೆಲ್ಲ ಮೂದಲಿಸುವ ಘೋರವಾದ ವ್ಯಂಗ್ಯವಾಗಿಯೋ? ಸ್ವರಗಳು ಮಾತ್ರ ಎರಡಕ್ಕೂ ಸಮಾನವಾಗಿ ಒಪ್ಪುತ್ತವೆ. ಒಂದು ವಸ್ತುವು ದೃಷ್ಟಿಭೇದದಿಂದ ವಿರುದ್ಧ ಧರ್ಮಗಳಿಗೆ ಆಶ್ರಯವಾಗಬಲ್ಲುದೆಂದು ಅನೇಕಾಂತವನ್ನು ಓದಿದ ನಮಗೆ ಗೊತ್ತು. ಆದರೆ ಇಷ್ಟು ದಾರುಣವಾದ ಉದಾಹರಣೆಯನ್ನು ಯಾವ ಗ್ರಂಥಕಾರನೂ ಕಲ್ಪಿಸಿರಲಾರನು.

ಮೂರನೆಯ ನಿದರ್ಶನವು ಆಫ್ರಿಕಾಕ್ಕೆ ಸೇರಿದ್ದು. ಇಂದಿನ ಜಿಂಬಾಬ್ವೆಯು ರೊಡೇಷಿಯಾ ಎನಿಸಿಕೊಂಡಿದ್ದಾಗ, ಅಲ್ಲಿನ ಬಿಳಿಯ ಅಲ್ಪಸಂಖ್ಯಾತರ ಸರ್ಕಾರವು ಬಹುಸಂಖ್ಯಾತರಾದ ಕರಿಯರಿಗೆ ಸಮಾನವಾದ ಮತಾಧಿಕಾರವನ್ನು ನಿರಾಕರಿಸಿ ಆಳುತ್ತಿತ್ತು. ಆ ಸರ್ಕಾರವು 1974ರಲ್ಲಿ ತನ್ನ ರಾಷ್ಟ್ರಗೀತೆಗೆ ಆರಿಸಿಕೊಂಡ ಧಾಟಿ ಇದೇ. ಮಾತುಗಳು ಮಾತ್ರ ಬೇರೆ. ಅದಕ್ಕೆ ಎರಡು ವರ್ಷ ಮುಂಚೆ, 1972ರಲ್ಲಿ, ಯೂರೋಪಿನ ಮಂಡಲಿಯು ರಾಷ್ಟ್ರಗಳ ಐಕ್ಯಕ್ಕೆ ಸಂಕೇತವಾಗಿ ಇದೇ ಧಾಟಿಯನ್ನು ಮಾತುಗಳಿಲ್ಲದೆ ಸ್ವೀಕರಿಸಿತ್ತು.

ಈ ಸಂಗತಿಗಳಿಂದ ತಿಳಿಯುವುದೇನು? ಸಂಗೀತವು ಭಾವವನ್ನು ಎಬ್ಬಿಸುತ್ತದೆ. ಆ ಭಾವಕ್ಕೆ ವಿಷಯವನ್ನು ಒದಗಿಸುವವನು ಶ್ರೋತೃ. ಎಲ್ಲರೂ ನಮ್ಮವರೆಂಬ ಉಕ್ಕು ಸ್ವರಗಳಿಂದ ಬರುತ್ತದೆ. ಎಲ್ಲರೂ ಎಂದರೆ ಯಾರು ಯಾರು ಎಂಬ ಪಟ್ಟಿಯನ್ನು ಪ್ರತಿಯೊಬ್ಬನೂ ಸಭಾಂಗಣದ ಒಳಗೆ ಬರುವಾಗಲೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾನೆ. ಬರ್ಲಿನಿನ ಸಭಿಕನ ಪಟ್ಟಿಯಲ್ಲಿ ಯಹೂದ್ಯನ ಹೆಸರಿರಲಿಲ್ಲ. ರೊಡೇಷಿಯಾದ ಆಳುವವನ ಪಟ್ಟಿಯಲ್ಲಿ ಕರಿಯನ ಹೆಸರಿರಲಿಲ್ಲ. ಎಷ್ಟೇ ಉನ್ನತವಾದ ಸಂಗೀತವಾದರೂ ಆ ಪಟ್ಟಿಯನ್ನು ತಾನಾಗಿ ತಿದ್ದದು.

ಕೃತಿಕಾರನ ಬಾಳೂ ಇದಕ್ಕೆ ಹೊರತಲ್ಲ. 1815ರಲ್ಲಿ ತಮ್ಮನು ತೀರಿಕೊಂಡ ಮೇಲೆ, ಆತನ ಮಗನಾದ ಕಾರ್ಲನನ್ನು ಹೆತ್ತ ತಾಯಿಯಿಂದ ಬಿಡಿಸಿಕೊಳ್ಳಲು ಬೀಥೋವನ್ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಿದನು, 1820ರಲ್ಲಿ ಗೆದ್ದನು. ದೊಡ್ಡಪ್ಪನ ಪ್ರೀತಿಯ ಬಿಗಿಹಿಡಿತದಲ್ಲಿ ಬೆಳೆದ ಹುಡುಗನು 1826ರಲ್ಲಿ, ಅಂದರೆ ಆನಂದಗಾನವು ಪ್ರದರ್ಶಿತವಾದ ಎರಡು ವರ್ಷಗಳ ಅನಂತರ, ಗುಂಡು ಹಾರಿಸಿಕೊಂಡು ಪ್ರಾಣ ಕಳೆದುಕೊಳ್ಳಲು ಯತ್ನಿಸಿದನು, ದೈವವಶಾತ್ ಬದುಕಿದನು. ಲೋಕವನ್ನೆಲ್ಲ ಅಪ್ಪಿಕೊಳ್ಳುವ ಸಂಗೀತವನ್ನು ರಚಿಸಿದಾತನಿಗೆ ತನ್ನ ತಮ್ಮನ ಹೆಂಡತಿಯನ್ನು ಸಹಿಸುವುದು ಸಾಧ್ಯವಾಗಲಿಲ್ಲ. ಇದನ್ನು ಆತನ ನಿಂದೆಗಾಗಿ ಹೇಳುತ್ತಿಲ್ಲ. ಮನುಕುಲವನ್ನು ಪ್ರೀತಿಸುವುದಕ್ಕಿಂತ ಮನೆಯವರನ್ನು ಪ್ರೀತಿಸುವುದು ಎಷ್ಟು ಕಠಿಣವೆಂಬುದು ನಾವೆಲ್ಲ ಬಲ್ಲ ಸಂಗತಿಯೇ.

ನಮ್ಮ ಕವಿಗಳು ಈ ಮರ್ಮವನ್ನು ಅರಿಯದವರಲ್ಲ. ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ವಾಚಕರು ಸ್ಮರಿಸಬಹುದು. ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ರಸವು ಮುರಿಯಲಿಲ್ಲ. ಆದುದರಿಂದ ಸಭೆಗೆ ಏನೂ ತಿಳಿಯಲೂ ಇಲ್ಲ. ವೃಷಭದೇವನೊಬ್ಬನೇ ನಡೆದುದನ್ನು ಕಂಡನು. ಕಂಡು ಸುಮ್ಮನಿರಲಿಲ್ಲ, ರಾಜ್ಯವನ್ನು ಬಿಟ್ಟು ಹೊರಟನು. ಇತ್ತ ಜನ್ನನ ಯಶೋಧರ ಚರಿತೆಯಲ್ಲಿ ಅಮೃತಮತಿಯು ಬೆಳಗಿನ ಜಾವದಲ್ಲಿ ಕೇಳಿದ ಮಾವುತನ ಗಾನಕ್ಕೆ ಮನಸೋತು ಪಾಪದ ದಾರಿಯನ್ನು ಹಿಡಿಯುತ್ತಾಳೆ. ಕಲೆ ಇಬ್ಬರನ್ನೂ ಅಲುಗಾಡಿಸಿತು. ಒಬ್ಬನು ಏರಿದನು, ಒಬ್ಬಳು ಜಾರಿದಳು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಹಾಗಾದರೆ ಸಂಗೀತವು ಕೇವಲ ಇಂದ್ರಿಯಸುಖವೇ? ಅದನ್ನು ತ್ಯಜಿಸುವುದೇ ಶ್ರೇಯಸ್ಕರವೇ? ಹೀಗೆ ಹೇಳುವವರು ನಮ್ಮಲ್ಲಿಯೂ ಉಂಟು. ವ್ರತಸ್ಥರ ಮಾತು ಬೇರೆ. ಗೃಹಸ್ಥರಾದ ನಮಗೆ ಈ ತೀರ್ಮಾನವು ಆತುರದ್ದೆಂದು ನನ್ನ ಎಣಿಕೆ.

ವ್ಯಾಪಾರಿಗಳ ಭಾಷೆಯಲ್ಲಿಯೇ ನನ್ನ ಅಭಿಪ್ರಾಯವನ್ನು ನಿವೇದಿಸುತ್ತೇನೆ. ಸರಕಿಗಾಗಿ ಗಿರಾಕಿಯು ಮುಂಗಡ ಕೊಟ್ಟಾಗ ಗಲ್ಲಾಪೆಟ್ಟಿಗೆ ತುಂಬುತ್ತದೆ. ಎಣಿಸಿದರೆ ಹಣ ನಿಜವಾಗಿಯೂ ಇದೆ. ಆದರೂ ಲೆಕ್ಕ ಬಲ್ಲವನು ಅದನ್ನು ಲಾಭದ ಖಾತೆಗೆ ಬರೆಯುವುದಿಲ್ಲ. ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಹೊಣೆಗಾರಿಕೆಯ ಬದಿಯಲ್ಲಿ. ಸರಕನ್ನು ಒಪ್ಪಿಸುವವರೆಗೆ ಅದು ಇನ್ನೊಬ್ಬನಿಗೆ ನಾವು ತೀರಿಸಬೇಕಾದ ಬಾಕಿ. ಮುಂಗಡವನ್ನೇ ಲಾಭವೆಂದು ತಿಳಿದು ಖರ್ಚು ಮಾಡಿದ ಅಂಗಡಿಗಳು ಮುಚ್ಚಿಹೋದುದನ್ನು ನಮ್ಮ ಪೇಟೆಗಳಲ್ಲಿ ಯಾರು ನೋಡಿಲ್ಲ? ಸಂಗೀತವು ನಮ್ಮಲ್ಲಿ ಹುಟ್ಟಿಸುವ ಮೈತ್ರಿಯೂ ಕರುಣೆಯೂ ಇಂತಹ ಮುಂಗಡಗಳು. ಅವು ಬಂದುದು ಸತ್ಯ, ಬೆಲೆಯುಳ್ಳದ್ದೂ ಸತ್ಯ. ಮುಂಗಡವಿಲ್ಲದೆ ಎಷ್ಟೋ ಉದ್ಯಮಗಳು ಆರಂಭವಾಗುವುದೇ ಇಲ್ಲ. ಒಮ್ಮೆಯೂ ಕರಗದ ಹೃದಯದಿಂದ ದಯೆಯ ಕಾರ್ಯ ಹೊರಡುವುದೂ ಅಪರೂಪ. ಆದರೆ ನಡತೆಯೆಂಬ ಸರಕನ್ನು ಒಪ್ಪಿಸುವ ತನಕ ನಾವು ಸಾಲಗಾರರು. ಕಣ್ಣೀರು ಒರೆಸಿಕೊಂಡು ತಾನು ಧರ್ಮಾತ್ಮನೆಂದು ಮನೆಗೆ ಹೋಗುವವನು ಮುಂಗಡವನ್ನು ಲಾಭಕ್ಕೆ ಬರೆದುಕೊಂಡ ವ್ಯಾಪಾರಿಯೇ ಸರಿ.

ಬಾಕಿ ತೀರಿಸಿದವರೂ ಇತಿಹಾಸದಲ್ಲಿ ಇದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ ಚೀನಾದ ತ್ಸಿಂಗ್‌ಟಾವಿನಲ್ಲಿ ಸೆರೆಸಿಕ್ಕಿದ ಜರ್ಮನ್ ಸೈನಿಕರಲ್ಲಿ ಸುಮಾರು ಸಾವಿರ ಮಂದಿಯನ್ನು ಜಪಾನಿನ ಬಾಂಡೋ ಎಂಬ ಊರಿನ ಶಿಬಿರದಲ್ಲಿ ಇಡಲಾಗಿತ್ತು. ಶಿಬಿರದ ಅಧಿಕಾರಿ ಮಾಟ್ಸುಯೆ ಟೊಯೊಹಿಸಾ. 1868ರ ಅಂತರ್ಯುದ್ಧದಲ್ಲಿ ಸೋತು ನೊಂದ ಐಜು ಪ್ರಾಂತದ ಮನೆತನದವರು ಆತ. ಸೋತವರ ಸಂಕಟವನ್ನು ಬಲ್ಲವರು. ಸೆರೆಯಾಳುಗಳು ರೊಟ್ಟಿ ಬೇಯಿಸಲು, ಪತ್ರಿಕೆ ಅಚ್ಚು ಮಾಡಲು, ವಾದ್ಯವೃಂದ ಕಟ್ಟಲು ಅವರು ಅವಕಾಶ ಕೊಟ್ಟರು. 1918ರ ಜೂನ್ 1ರಂದು ಆ ಸೆರೆಯಾಳುಗಳು ಒಂಬತ್ತನೆಯ ಸಿಂಫನಿಯನ್ನು ಪೂರ್ಣವಾಗಿ ನುಡಿಸಿದರು. ಸ್ತ್ರೀಕಂಠದ ಭಾಗಗಳನ್ನೂ ಗಂಡಸರಿಗೆ ಹೊಂದಿಸಿಕೊಂಡು ಹಾಡಿದರು. ಏಷ್ಯಾದಲ್ಲಿ ಕೃತಿಯ ಪೂರ್ಣ ಪ್ರದರ್ಶನ ಅದೇ ಮೊದಲೆಂದು ಪ್ರಸಿದ್ಧವಾಗಿದೆ. ಇಂದು ಜಪಾನಿನಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಊರೂರುಗಳಲ್ಲಿ ಇದನ್ನು ಹಾಡುತ್ತಾರೆ. ಇಲ್ಲಿ ಅನುಕ್ರಮವನ್ನು ಗಮನಿಸಬೇಕು. ಶತ್ರುವನ್ನು ಮನುಷ್ಯನೆಂದು ಕಂಡ ನಡತೆ ಮೊದಲು ಬಂದಿತು. ಸೋದರತ್ವದ ಸಂಗೀತವು ಅದರ ಹಿಂದೆ ಬಂದಿತು.

ಎರಡನೆಯದು ಪೂರ್ವ ಜರ್ಮನಿಯ ಲೈಪ್ಜಿಗ್ ನಗರದ್ದು. ಅಲ್ಲಿನ ಗೆವಾಂಡ್‌ಹೌಸ್ ವಾದ್ಯವೃಂದವು ವರ್ಷಾಂತ್ಯದಲ್ಲಿ ಈ ಸಿಂಫನಿಯನ್ನು ನುಡಿಸುವ ಸಂಪ್ರದಾಯವನ್ನು 1918ರಲ್ಲಿ ಆರಂಭಿಸಿತು. 1970ರಿಂದ ಅದರ ನಿರ್ದೇಶಕರಾಗಿದ್ದವರು ಕುರ್ಟ್ ಮಾಸುರ್. 1989ರ ಅಕ್ಟೋಬರ್ 9ರ ಸಂಜೆ ಸುಮಾರು 70,000 ಜನರು ಸ್ವಾತಂತ್ರ್ಯವನ್ನು ಬೇಡಿ ಆ ನಗರದ ಬೀದಿಗಳಿಗೆ ಇಳಿದರು. ಸಶಸ್ತ್ರ ಪಡೆಗಳು ಸಿದ್ಧವಾಗಿ ನಿಂತಿದ್ದವು. ಅದೇ ವರ್ಷದ ಜೂನ್ ತಿಂಗಳಲ್ಲಿ ಬೀಜಿಂಗಿನಲ್ಲಿ ನಡೆದ ಹತ್ಯೆಯ ನೆನಪು ಎಲ್ಲರ ಎದೆಯಲ್ಲಿತ್ತು. ಆಗ ಮಾಸುರ್ ಅವರು ಆಳುವ ಪಕ್ಷದ ಮೂವರು ಕಾರ್ಯದರ್ಶಿಗಳೂ ಸೇರಿದಂತೆ ಇತರ ಐವರೊಡನೆ ಕುಳಿತು ಒಂದು ವಿಜ್ಞಾಪನೆಯನ್ನು ಸಿದ್ಧಪಡಿಸಿದರು. ಎರಡು ಪಕ್ಷದವರೂ ಶಾಂತಿಯನ್ನು ಕಾಪಾಡಬೇಕು, ಮಾತುಕತೆಗೆ ಎಡೆಯಾಗಬೇಕು ಎಂಬುದು ಅದರ ಸಾರ. ನಗರದ ಧ್ವನಿವರ್ಧಕಗಳಲ್ಲಿ ಅದನ್ನು ಓದಿದ್ದು ಮಾಸುರ್ ಅವರ ಕಂಠವೇ. ಆ ರಾತ್ರಿ ಒಂದು ಗುಂಡೂ ಹಾರಲಿಲ್ಲ. ಅದಕ್ಕೆ ಕಾರಣಗಳು ಅನೇಕ. ಮೇಣದಬತ್ತಿ ಹಿಡಿದು ನಡೆದ ಜನರ ಸಂಯಮವೇ ಅವುಗಳಲ್ಲಿ ಮೊದಲನೆಯದು. ಆದರೆ ನೂರು ವಾದ್ಯಗಳನ್ನು ಒಂದು ಶ್ರುತಿಯಲ್ಲಿ ನಡೆಸುತ್ತಿದ್ದವರು ಆ ದಿನ ವಾದ್ಯಗಳನ್ನು ಬದಿಗಿಟ್ಟು, ಅಪಾಯಕ್ಕೆ ಹೆದರದೆ, ಹಿಂಸೆ ಬೇಡವೆಂದು ನೇರವಾಗಿ ನುಡಿದರು. ಮುಂಗಡ ತೀರಿತು.

ಒಂದು ತಿಂಗಳಿಗೆ, ನವೆಂಬರ್ 9ರಂದು, ಬರ್ಲಿನಿನ ಗೋಡೆ ತೆರೆಯಿತು. ಡಿಸೆಂಬರ್ 25ರಂದು ಅಮೆರಿಕದ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರು ಎರಡು ಜರ್ಮನಿಗಳಿಂದಲೂ ಬೇರೆ ದೇಶಗಳಿಂದಲೂ ಬಂದ ವಾದಕರನ್ನು ಕೂಡಿಸಿ ಪೂರ್ವ ಬರ್ಲಿನಿನಲ್ಲಿ ಒಂಬತ್ತನೆಯ ಸಿಂಫನಿಯನ್ನು ನುಡಿಸಿದರು; ಆನಂದ ಎಂಬ ಪದದ ಬದಲಿಗೆ ಸ್ವಾತಂತ್ರ್ಯ ಎಂದು ಹಾಡಿಸಿದರು. ಆ ದಿನದ ಹರ್ಷವನ್ನು ಯಾರೂ ಸಂಶಯಿಸಲಾರರು. 1942ರಲ್ಲಿ ಅದೇ ಬರ್ಲಿನಿನಲ್ಲಿ ಕೇಳಿದ ಸ್ವರಗಳೇ ಅವು. ಒಂದನ್ನು ಕೇಳಿ ಲಜ್ಜೆಯಾಗುವುದಕ್ಕೂ ಇನ್ನೊಂದನ್ನು ಕೇಳಿ ಸಂತೋಷವಾಗುವುದಕ್ಕೂ ಕಾರಣವು ಸ್ವರಗಳ ಹಿಂದಣ ನಡತೆ.

ಫುರ್ಟ್‌ವೆಂಗ್ಲರ್ ಅವರಿಗೆ ಅನ್ಯಾಯವಾಗದಿರಲೆಂದು ಒಂದು ಮಾತು ಸೇರಿಸಬೇಕು. ಅವರು ಹಿಟ್ಲರನ ಪಕ್ಷವನ್ನು ಸೇರಿರಲಿಲ್ಲ. ಹಲವು ಯಹೂದ್ಯ ವಾದಕರಿಗೆ ನೆರವಾಗಿದ್ದರು. ಯುದ್ಧಾನಂತರದ ವಿಚಾರಣೆಯಲ್ಲಿ ದೋಷಮುಕ್ತರಾಗಿ 1947ರಲ್ಲಿ ವೇದಿಕೆಗೆ ಮರಳಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಪ್ರಥಮ ಬಾರಿಗೆ ಕೇಳಿಬಂದಾಗ ನಿರ್ದೇಶಿಸಿದವರು ಅವರೇ. ಆ ಕಾರ್ಯಕ್ರಮಕ್ಕೆ ಧನಸಹಾಯವಿತ್ತವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಮನುಷ್ಯನ ಲೆಕ್ಕವು ಒಂದು ಪುಟದಲ್ಲಿ ಮುಗಿಯುವಂತಹದಲ್ಲ. ಜಮೆಯ ಬದಿಯಲ್ಲಿರುವುದನ್ನು ಅಳಿಸಬಾರದು, ಬಾಕಿಯನ್ನು ಮುಚ್ಚಿಡಲೂಬಾರದು.

ಈ ವಿಚಾರವು ನಮ್ಮ ಬಸದಿಗಳಿಗೂ ವಿಶ್ವಸ್ತ ಮಂಡಲಿಗಳಿಗೂ ಅನ್ವಯಿಸುತ್ತದೆ. ಪಂಚಕಲ್ಯಾಣಗಳಲ್ಲಿ, ಉತ್ಸವಗಳಲ್ಲಿ ಸಂಗೀತಕ್ಕಾಗಿ ನಾವು ಸಾಕಷ್ಟು ವೆಚ್ಚ ಮಾಡುತ್ತೇವೆ. ಒಳ್ಳೆಯ ಗಾಯಕರನ್ನು ಕರೆಸುವುದು ಯೋಗ್ಯವೇ. ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ಜನ ಸೇರಿದ್ದರು, ಎಷ್ಟು ಕಣ್ಣುಗಳು ತುಂಬಿದವು ಎಂದು ವರದಿ ಬರೆಯುತ್ತೇವೆ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಹಿತವಲ್ಲವೇ? ಭಜನೆಯಲ್ಲಿ ಸರ್ವಜೀವಗಳಲ್ಲಿ ಮೈತ್ರಿಯನ್ನು ಹಾಡಿದ ನಾವು, ಆ ರಾತ್ರಿ ಚಪ್ಪರ ಬಿಚ್ಚಿದ ಕೂಲಿಯಾಳಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಟ್ಟೆವೇ? ಆಸ್ತಿಯ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕುಳಿತು ತಲೆದೂಗಿದರಲ್ಲ, ಮಾರನೆಯ ದಿನ ಒಬ್ಬರಾದರೂ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತಿದರೇ? ನಮ್ಮ ಜೇಬಿನ ಪಟ್ಟಿಗೆ ಒಂದು ಹೊಸ ಹೆಸರು ಸೇರಿತೇ?

ನೇಮಿಕುಮಾರನ ಮದುವೆಯ ದಿಬ್ಬಣ ಹೊರಟಾಗ ಮಂಗಳವಾದ್ಯಗಳ ಘೋಷಕ್ಕೇನೂ ಕೊರತೆಯಿರಲಿಲ್ಲ. ಆ ಘೋಷದ ನಡುವೆಯೇ, ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನವು ಆತನ ಕಿವಿಗೆ ಬಿದ್ದಿತು. ದಿಬ್ಬಣದ ಉಳಿದವರಿಗೂ ಅದು ಕೇಳಿಸಿರಲೇಬೇಕು. ರಥವನ್ನು ತಿರುಗಿಸಿದವನು ಆತನೊಬ್ಬನೇ.